ಬುರುಜು ಕಾದೋರ ಪಾಲು

ನಮ್ಮೂರ ಬುರುಜಿಗೆ ಇನ್ನೂರು ವರ್ಷ ದಾಟಿದೆ. ಅದಕ್ಕೆ ಇತಿಹಾಸ ಬಂದದ್ದು ಮಾತ್ರ ಹೋದ ವರ್ಷ, ನಮ್ಮ ಯಜಮಾನರು ಕೃಷ್ಣಮೂರ್ತಿ ರಾಯರು ಕಚೇರಿ ಕೆಲಸದಿಂದ ನಿವೃತ್ತರಾದ ಮೇಲೆ. ಮನೆಯಲ್ಲಿ ಕೂತವರಿಗೆ ಏನಾದರೂ ಕೆಲಸ ಬೇಕಲ್ಲ, ಹತ್ತು ಪುಟ ಬರೆದರು. ಅದರ ಪ್ರಕಾರ, ಪಿಂಡಾರಿಗಳು ಹಾಲಹರವಿ ಕಡೆಯಿಂದ ನುಗ್ಗಿದಾಗ ಇವರ ಮುತ್ತಜ್ಜನ ಮುತ್ತಜ್ಜ ಒಬ್ಬರೇ ಬುರುಜು ಹತ್ತಿ, ಕತ್ತಿ ಹಿಡಿದು ಊರು ಕಾದರಂತೆ. ಈ ಮನೆಯ ಗಂಡಸರು ಈಳಿಗೆ ಹಿಡಿದದ್ದನ್ನೂ ನಾನು ಕಂಡಿಲ್ಲ.

ಆ ಹತ್ತು ಪುಟ ನಂಬಿ ಆಂಧ್ರ ಸರ್ಕಾರದವರು ಬುರುಜಿಗೆ ಬೇಲಿ, ದೀಪ, ಬೋರ್ಡು ಮಂಜೂರು ಮಾಡಿದರು. ಬೇಲಿಯೊಳಗೆ ಕುರಿ ಸಾಕುವ ಗಂಗಕ್ಕನ ಮನೆ ಬಂತು. ಆಕೆಯ ಗೋಡೆ ಬುರುಜಿಗೇ ಆತುಕೊಂಡಿದೆ. ಇತಿಹಾಸದಲ್ಲಿ ಆಕೆಯವರ ಹೆಸರಿಲ್ಲ, ಆದ್ದರಿಂದ ಒತ್ತುವರಿ, ಕೆಡವಬೇಕು.

ಅಳೆಯಲು ಬಂದ ಅಧಿಕಾರಿ ಶ್ರಾವಣಿ ಚಿಕ್ಕವಳು. ಕೆಡವುವ ಮುಂಚೆ ಕೇಳುವಷ್ಟು ಮರ್ಯಾದೆ ಇನ್ನೂ ಉಳಿದಿತ್ತು.

"ಆಧಾರಂ ಏಮನ್ನಾ ಉಂದಾ ಅಮ್ಮಾ? ಏನರ ಕಾಗದ ಐತೇನು?"

"ಕಾಗದ ಎಲ್ಲಿಂದ ತರ್ಲಿ ತಾಯಿ? ನಮ್ಮೋರು ಏಳು ತಲಿಯಿಂದ ಈ ಬುರುಜು ಕಾದೋರು," ಎಂದಳು ಗಂಗಕ್ಕ.

"ಅಂಥಾ ದಾಖಲೆ ಎಲ್ಲೂ ಇಲ್ಲ," ಎಂದರು ನಮ್ಮ ಇತಿಹಾಸಕಾರರು.

ನನಗೆ ಮೈಯೆಲ್ಲ ಉರಿಯಿತು. ಸಂಕ್ರಾಂತಿಯ ಮರುದಿನ ಗಂಗಕ್ಕನ ಮನೆಗೆ ಮೊರದ ತುಂಬ ಜೋಳ ಕೊಡುವುದು ನಮ್ಮ ಮನೆಯ ಪದ್ಧತಿ. ನಾನು ಸೊಸೆಯಾಗಿ ಬಂದ ವರ್ಷ ಅತ್ತೆ ಆ ಮೊರ ನನ್ನ ಕೈಗಿಟ್ಟು, "ಬುರುಜು ಕಾದೋರ ಪಾಲು, ತಪ್ಪಸಬ್ಯಾಡ" ಎಂದಿದ್ದರು. ಇವರು ದಾಖಲೆ ಹುಡುಕಿಕೊಂಡು ಆದೋನಿಗೆ ಎಂಟು ಸಲ ಹೋದರು, ಅಡಿಗೆಮನೆಗೆ ಒಂದು ಸಲವೂ ಬರಲಿಲ್ಲ.

ಇದನ್ನೆಲ್ಲ ಅಲ್ಲಿ ಸೇರಿದ್ದ ಊರವರೆದುರು ಹೇಳಿಬಿಟ್ಟೆ.

"ತುಳಸೀ!" ಎಂದು ಇವರು ಗದರಿದರು.

ಶ್ರಾವಣಿ ಬರೆದುಕೊಳ್ಳುತ್ತಾ, "ಮತ್ತೆ ಪಿಂಡಾರಿಗಳು ಬಂದ ದಿನ ರಾಯರ ಹಿರಿಯರು ಏನ್ ಮಾಡ್ತಿದ್ರು?" ಎಂದಳು.

"ನಮ್ಮ ಕುರಿಹಟ್ಟ್ಯಾಗ ಕಂಬಳಿ ಹೊಚ್ಕಂಡು ಕುಂತಿದ್ರಂತ್ರಿ," ಎಂದಳು ಗಂಗಕ್ಕ ಮೆಲ್ಲಗೆ. "ನಮ್ಮಜ್ಜಿ ಹೇಳ್ತಿದ್ಲು. ರಾಯರು ಬ್ಯಾಸರ ಮಾಡ್ಕೋಬ್ಯಾಡ್ರಿ."

ಅಲ್ಲಿ ಯಾರೂ ನಗಲಿಲ್ಲ. ನಗುವುದನ್ನು ಮನೆಗೆ ಒಯ್ದರು.

ಗಂಗಕ್ಕನ ಮನೆ ಉಳಿಯಬೇಕಾದರೆ, ಬುರುಜು ಕಾದವರು ಆಕೆಯವರೇ ಎಂಬುದಕ್ಕೆ ಸಾಕ್ಷಿಯಾಗಿ ಎರಡು ಸಹಿ ಬೇಕೆಂದಳು ಶ್ರಾವಣಿ. ಒಂದು ನಾನು ಹಾಕಿದೆ. ಇನ್ನೊಂದಕ್ಕೆ ಪೆನ್ನನ್ನು ಇವರ ಕೈಗೆ ಕೊಟ್ಟು ಮುಖವನ್ನೇ ನೋಡುತ್ತಾ ನಿಂತೆ. ಹತ್ತು ಪುಟ ಸರಾಗವಾಗಿ ಬರೆದವರು ಒಂದು ಹೆಸರು ಬರೆಯಲು ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದರು. ಬೆವರು ಒರೆಸಿಕೊಂಡರು, ಗಂಗಕ್ಕನ ಕಡೆ ಒಮ್ಮೆ ನೋಡಿದರು, ಕೊನೆಗೆ ಬರೆದರು.

ನಮ್ಮೂರ ಬುರುಜಿನ ಬಗ್ಗೆ ಇವರು ಬರೆದದ್ದರಲ್ಲಿ ನಿಜವಾದದ್ದು ಆ ಒಂದೇ ಸಾಲು.