ಜೇನಿಗೆ ಹೇಳಬೇಕಾದ ಮಾತು

ಜೂನ್ ಕೊನೆಗೆ ಲಿಂಡೆನ್ ಮರಗಳು ಹೂಬಿಟ್ಟರೆ ಓಲ್ಶಿನ್ಕಾ ಹಳ್ಳಿಗೆ ಹಳ್ಳಿಯೇ ಅರೆನಿದ್ದೆಯಲ್ಲಿ ಓಡಾಡುತ್ತದೆ. ದೊಡ್ಡ ರಸ್ತೆಯ ಎರಡೂ ಬದಿಗೆ ನಿಂತ ಆ ಮುದಿ ಮರಗಳ ಪರಿಮಳ ಕಿಟಕಿಯಿಂದ ನುಗ್ಗಿ ಹಾಸಿಗೆ, ಬ್ರೆಡ್ಡು, ಬಿಯರಿನ ನೊರೆಯವರೆಗೂ ಹರಡಿಕೊಳ್ಳುತ್ತದೆ. ಬಸ್ಸಿನ ಚಾಲಕ ನಿಲ್ದಾಣ ಮರೆತು ಮುಂದೆ ಹೋಗುತ್ತಾನೆ. ಇಳಿಯಬೇಕಾದವರೂ ಮರೆತಿರುವುದರಿಂದ ಯಾರೂ ಜಗಳವಾಡುವುದಿಲ್ಲ. ಮೇಲೆ ಕೊಂಬೆಗಳಲ್ಲಿ ಜೇನುಹುಳುಗಳ ಝೇಂಕಾರ. ಮರವೇ ಏನೋ ಗುನುಗುತ್ತಿರುವಂತೆ ಕೇಳುತ್ತದೆ.

ಆ ಬೆಳಿಗ್ಗೆ ಕ್ಷೌರಿಕ ಲುಮೀರ್ ಅಂಗಡಿ ತೆರೆಯಲು ಹೊರಟವನು ಮೊದಲ ಮರದ ಬಳಿ ನಿಂತ. ಕಾಂಡದ ಮೇಲೆ ಕೆಂಪು ಬಣ್ಣದ ಅಡ್ಡಗೆರೆ. ಎರಡನೆಯ ಮರಕ್ಕೂ ಅದೇ. ಮೂರನೆಯದಕ್ಕೂ. ಬಣ್ಣ ಇನ್ನೂ ಹಸಿಯಾಗಿತ್ತು. ಒಂದು ಹುಳ ಅದಕ್ಕೆ ಅಂಟಿಕೊಂಡು ರೆಕ್ಕೆ ಬಡಿಯುತ್ತಿತ್ತು. ಲುಮೀರ್ ಉಗುರಿನಿಂದ ಅದನ್ನು ಬಿಡಿಸಿದ.

ಹತ್ತು ಗಂಟೆಗೆ ಗ್ರಾಮ ಸಮಿತಿಯ ಅಧ್ಯಕ್ಷ ಕಾಮ್ರೇಡ್ ಕ್ವಾಪಿಲ್ ಗಡ್ಡ ಕೆರೆಸಿಕೊಳ್ಳಲು ಬಂದು ಕುರ್ಚಿಯಲ್ಲಿ ಕುಳಿತ. ಲುಮೀರ್ ನೊರೆ ಬಳಿಯುತ್ತ ಕೇಳಿದ: "ಮರಗಳಿಗೆ ಕೆಂಪು ಪಟ್ಟಿ ಯಾಕೆ ಹೊಡೆದಿದ್ದಾರೆ, ಕಾಮ್ರೇಡ್?"

"ನೀನು ಕೇಳ್ತೀಯಾ? ಚೆನ್ನಾಗಿದೆ!" ನೊರೆಯೊಳಗಿಂದ ಕ್ವಾಪಿಲ್ ಕಣ್ಣರಳಿಸಿದ. "ನಿಮ್ಮ ಜೇನುಗಾರರ ಸಂಘಾನೇ ಒಪ್ಪಿಗೆ ಕೊಟ್ಟಿದ್ದಲ್ವಾ! ಜನವರಿ ಸಭೇಲಿ, ಸರ್ವಾನುಮತದಿಂದ. ಓದಿ ಹೇಳಿದ ಕಾರ್ಯದರ್ಶಿ ಯಾರು? ಸಾಕ್ಷಾತ್ ನೀನು."

ಲುಮೀರ್ ಎತ್ತಿದ ಕ್ಷೌರದ ಕತ್ತಿ ಗಾಳಿಯಲ್ಲೇ ನಿಂತಿತು.

ಜನವರಿಯ ವಾರ್ಷಿಕ ಸಭೆ ಅವನಿಗೆ ಚೆನ್ನಾಗಿ ನೆನಪಿತ್ತು. ಅಗ್ನಿಶಾಮಕರ ಹಾಲ್, ಅಡುಗೆಮನೆಯಿಂದ ಗುಲಾಶ್ ಎಂಬ ಮಾಂಸದ ಸಾರಿನ ಘಮ. ಪ್ರತಿವರ್ಷ ಸಮಿತಿಯಿಂದ ಬರೆದು ಬರುವ ನಿರ್ಣಯವನ್ನು ಕ್ವಾಪಿಲನೇ ಓದುತ್ತಿದ್ದ. ಆ ಸಲ ಅವನಿಗೆ ಜ್ವರ. ಹಾಳೆ ಲುಮೀರನ ಕೈಗೆ ಬಂತು. ಊರಿನ ಯಾರ ಧ್ವನಿಯನ್ನಾದರೂ ಗಂಟಲಿಗೆ ಇಳಿಸಿಕೊಳ್ಳಬಲ್ಲವನು ಅವನು. ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ಎಳೆದು, ಎರಡು ಮಾತಿಗೊಮ್ಮೆ ಕೆಮ್ಮಿ, ಥೇಟ್ ಕ್ವಾಪಿಲನಂತೆಯೇ ಓದಿದ. ಸಭೆ ಬಿದ್ದು ಬಿದ್ದು ನಕ್ಕಿತು. 'ದೊಡ್ಡ ರಸ್ತೆಯ ಲಿಂಡೆನ್ ಮರಗಳನ್ನು ತೆಗೆಯುವುದನ್ನು ಜೇನುಗಾರರು ಸ್ವಾಗತಿಸುತ್ತಾರೆ' ಎಂಬ ಸಾಲು ಬಂದಾಗ, ಇದು ಲುಮೀರ್ ತಾನೇ ಸೇರಿಸಿದ ಕುಚೋದ್ಯ ಎಂದುಕೊಂಡು ಎಲ್ಲರೂ ಮೇಜು ಕುಟ್ಟಿದರು. ಲುಮೀರನ ಗಮನವೆಲ್ಲ ಕೆಮ್ಮಿನ ಮೇಲಿತ್ತು. ಓದಿದ್ದೇನೆಂದು ಅವನಿಗೇ ಕೇಳಿಸಿರಲಿಲ್ಲ. ಒಪ್ಪಿಗೆಯ ಕೈಗಳು ಎಂದಿನಂತೆ ಮೇಲೆದ್ದವು. ಗುಲಾಶ್ ಬಂತು.

"ಅದು... ತಮಾಷೆಗೆ," ಎಂದ ಲುಮೀರ್.

"ಜಿಲ್ಲೆಯವರಿಗೆ ತಮಾಷೆ ಅರ್ಥ ಆಗಲ್ಲಪ್ಪ. ಕೇಳು, ನಾನೇನು ಮರದ ಶತ್ರು ಅಲ್ಲ. ಹೋದ ಚಳಿಗಾಲ ಶಾಲೆ ಬಸ್ಸು ಹಳ್ಳಕ್ಕಿಳೀತು. ದೇವರ ದಯೆ, ಮಕ್ಕಳಿಗೇನಾಗ್ಲಿಲ್ಲ. ನಾನು ದೇವರ ಹೆಸರೆತ್ತಿದ್ದನ್ನ ಹೊರಗೆ ಹೇಳ್ಬೇಡ. ರಸ್ತೆ ಅಗಲ ಮಾಡ್ಲೇಬೇಕು. ನಿಮ್ಮ ಸಂಘಕ್ಕೆ ಹಾಲ್ ಕೊಟ್ಟೋರು ಯಾರು? ಚಳಿಗಾಲದಲ್ಲಿ ಜೇನಿಗೆ ಸಕ್ಕರೆ ಕೊಡ್ಸೋರು ಯಾರು? ನಮ್ಮ ನೆರಳಲ್ಲೇ ಬದುಕ್ತಿದ್ದೀರಿ."

"ನೆರಳು ಮರದ್ದು ಅಂತ ನಾನಂದ್ಕೊಂಡಿದ್ದೆ."

"ಮಾತು ಚೆನ್ನಾಗಿದೆ. ಈಗ ಕೆನ್ನೆ ಕೊಯ್ಬೇಡ."

ಮನೆಯಲ್ಲಿ ಹೆಂಡತಿ ಹೆಡ್ವಿಕಾ ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಹಿಟ್ಟು ನಾದುತ್ತಲೇ, "ನಿನ್ನ ಗಂಟಲಲ್ಲಿ ಊರವರೆಲ್ಲಾ ಬಾಡಿಗೆಗಿದ್ದಾರೆ. ನೀನು ಎಲ್ಲಿದೀಯೋ ಮಾರಾಯ?" ಎಂದಳು. ಹಿಟ್ಟನ್ನು ಬಟ್ಟೆಯಿಂದ ಮುಚ್ಚಿ, "ಜೇನಿಗೆ ಹೇಳಿದ್ಯಾ?" ಎಂದು ಕೇಳಿದಳು.

ಅದು ಆ ಕಡೆಯ ಪದ್ಧತಿ. ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಯಜಮಾನ ಟೊಪ್ಪಿ ತೆಗೆದು ಗೂಡನ್ನು ಮೆಲ್ಲಗೆ ತಟ್ಟಿ ಜೇನಿಗೆ ಸುದ್ದಿ ಹೇಳಬೇಕು. ಹೇಳದಿದ್ದರೆ ಅವು ಮುನಿದು ಹೊರಟುಹೋಗುತ್ತವೆ. ಹೆಡ್ವಿಕಾಳ ಅಪ್ಪ ತೀರಿಕೊಂಡ ದಿನ ಪಾದ್ರಿಗಿಂತ ಮೊದಲು ಸುದ್ದಿ ತಲುಪಿದ್ದು ಗೂಡುಗಳಿಗೆ.

ಲುಮೀರ್ ಹಿತ್ತಲಿಗೆ ಹೋದ. ಇಳಿಬಿಸಿಲು ಹುಲ್ಲಿನ ಮೇಲೆ ಜೇನಿನಂತೆಯೇ ನಿಧಾನವಾಗಿ ಜಾರುತ್ತಿತ್ತು. ಟೊಪ್ಪಿ ತೆಗೆದು, ನೀಲಿ ಗೂಡನ್ನು ತಟ್ಟಿದ. ಕ್ವಾಪಿಲನಂತೆ ಮೂಗಿನಲ್ಲಿ ಎಳೆದು, "ಕಾಮ್ರೇಡ್‌ಗಳೇ, ನಮ್ಮ ಯೋಜನೆಯ ಪ್ರಕಾರ..." ಎಂದ. ಹುಳುಗಳು ಒಳಗೆ ಹೊರಗೆ ಓಡಾಡುತ್ತಲೇ ಇದ್ದವು. ರೇಡಿಯೋದವನ ಗಂಭೀರ ಧ್ವನಿ ಮಾಡಿದ. ಪಾದ್ರಿಯ ನಡುಕದ ಧ್ವನಿ ಮಾಡಿದ. ಒಂದು ಹುಳ ಬಂದು ಅವನ ಮೂಗಿನ ಮೇಲೆ ಕೂತು, ಇದು ಹೂವಲ್ಲ ಎಂದು ಖಚಿತಪಡಿಸಿಕೊಂಡು ಹಾರಿಹೋಯಿತು.

ಆಮೇಲೆ ಅವನು ಬರಿಯ ಲುಮೀರನಾಗಿ, "ಮರ ಕಡೀತಾರಂತೆ," ಎಂದ. ಎಷ್ಟೋ ವರ್ಷದಿಂದ ಮುಚ್ಚಿಟ್ಟ ಕೋಣೆಯ ಬಾಗಿಲಿನಂತೆ ಕಿರುಗುಟ್ಟಿತು ಧ್ವನಿ. "ನಾವೇ... ನಾನೇ..." ಮುಂದೆ ಬರಲಿಲ್ಲ. ಗೂಡಿನೊಳಗಿನ ಝೇಂಕಾರ ಒಂದು ಕ್ಷಣ ತಗ್ಗಿದಂತೆ, ಸಾವಿರಾರು ಜೀವಗಳು ಕಿವಿಗೊಟ್ಟು ಕಾಯುತ್ತಿರುವಂತೆ ಅವನಿಗೆ ಅನ್ನಿಸಿತು. ಗಾಳಿಯೂ ನಿಂತಿತ್ತು. ಹೇಳಿ ಮುಗಿಸಲಾರದೆ ಟೊಪ್ಪಿ ಹಾಕಿಕೊಂಡ.

ಭಾನುವಾರ ಬೆಳಿಗ್ಗೆ ಸಂಘದ ಸಭೆ. ಹೊರಗೆ ಎಲ್ಲರೂ ಎಲ್ಲರಿಗೂ 'ಕಾಮ್ರೇಡ್'. ಜೇನುಗಾರರ ಸಭೆಯೊಳಗೆ ಮಾತ್ರ, ಅಜ್ಜಂದಿರ ಕಾಲದಿಂದಲೂ, 'ಸ್ನೇಹಿತ'. ಅಪ್ಪ ಬಿಟ್ಟುಹೋದ ಮೂರು ಗೂಡುಗಳಿದ್ದುದರಿಂದ ಕ್ವಾಪಿಲನೂ ಸಂಘದ ಸದಸ್ಯನೇ. ಆದರೂ ಅವನನ್ನು ಸ್ನೇಹಿತ ಎನ್ನುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅವನೂ ಕೇಳಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂರುತ್ತಿದ್ದ.

"ಲುಮೀರ್, ಶುರು ಮಾಡಯ್ಯ! ಪಾದ್ರೀದು ಮಾಡು!" ಯಾರೋ ಕೂಗಿದರು.

ಲುಮೀರ್ ಎದ್ದ. "ಸ್ನೇಹಿತರೇ," ಎಂದ. ತೆಳ್ಳಗಿನ, ಸ್ವಲ್ಪ ತೊದಲುವ ಧ್ವನಿ. ಕಣ್ಣು ಮಂಜಾಗಿದ್ದ ಹಿರಿಯ ಜೇನುಗಾರ ಮತೌಶ್ ಅಜ್ಜ ಪಕ್ಕದವನನ್ನು ತಿವಿದ: "ಯಾರೋ ಅದು ಮಾತಾಡ್ತಿರೋದು? ಹೊಸಬನಾ?"

"ನಾನು, ಅಜ್ಜ. ಲುಮೀರ್. ಜನವರೀಲಿ ಓದಿದ್ದನ್ನೇ ಮತ್ತೆ ಓದ್ತೀನಿ. ಈ ಸಲ ನಗಬೇಡಿ."

ಓದಿದ. ಮರಗಳ ಕುರಿತ ಸಾಲು ಬಂದಾಗ ಯಾರೂ ಮೇಜು ಕುಟ್ಟಲಿಲ್ಲ. ತೆರೆದ ಕಿಟಕಿಯಿಂದ ಲಿಂಡೆನ್ ಪರಿಮಳವೊಂದೇ, ಕರೆಯದೆ ಬಂದ ಸದಸ್ಯನಂತೆ ಒಳಗೆ ಬಂತು.

"ಒಪ್ಪೋರು ಕೈ ಎತ್ತಿ," ಎಂದ ಲುಮೀರ್.

ಒಂದು ಕೈ ಅಭ್ಯಾಸಬಲದಿಂದ ಅರ್ಧಕ್ಕೆ ಎದ್ದು, ದಾರಿಯಲ್ಲೇ ಬುದ್ಧಿ ಬಂದು, ಕಿವಿ ಕೆರೆದುಕೊಂಡಿತು. ಉಳಿದವು ಮೊಣಕಾಲ ಮೇಲೇ ಇದ್ದವು.

ಕ್ವಾಪಿಲ್ ಎದ್ದು ನಿಂತ. "ಇದೇನು ಆಟ? ಕಾಗದ ಜಿಲ್ಲೆ ಸೇರಿ ಆಗೋಯ್ತು. ನಾಳೆ ಬಸ್ಸು ಮತ್ತೆ ಹಳ್ಳಕ್ಕೆ ಬಿದ್ರೆ ನಿಮ್ಮ ಜೇನುಹುಳ ಬಂದು ಎತ್ತುತ್ತಾ?"

"ರಸ್ತೆ ಬೇಡ ಅಂತಿಲ್ಲ. ಬಸ್ಸಲ್ಲಿ ನನ್ನ ಮೊಮ್ಮಗಳೂ ಇದ್ಲು," ಎಂದ ಮತೌಶ್ ಅಜ್ಜ. "ಮರದಾಚೆ ಬೀಟ್‌ರೂಟ್ ಹೊಲ ಇದೆಯಲ್ಲ. ಮರ ಬಿಟ್ಟು, ಆ ಕಡೆಯಿಂದ ರಸ್ತೆ ಹೋಗ್ಲಿ."

"ಅದು ಸಹಕಾರಿ ಹೊಲ ಅಜ್ಜ. ಮೇಲಿಂದ ಯೋಜನೆ ಆಗಿದೆ. ಬೇಡ ಅಂತ ನಾನು ಹ್ಯಾಗೆ ಬರೀಲಿ? ನನ್ನ ಕುರ್ಚಿ ಉಳಿಯುತ್ತಾ?" ಆ ಕೊನೆಯ ಮಾತು ಅವನ ಬಾಯಿಂದ ತಪ್ಪಿ ಬಿದ್ದಿತ್ತು, ಅದರಲ್ಲಿ ಕೆಮ್ಮಿರಲಿಲ್ಲ, ಮೂಗಿನ ಎಳೆತವೂ ಇರಲಿಲ್ಲ. ಅನುಕರಿಸಲು ಏನೂ ಇಲ್ಲದ ಧ್ವನಿ. ಲುಮೀರ್ ಅದನ್ನು ಮೊದಲ ಸಲ ಕೇಳಿದ.

"ಹಾಗಾದ್ರೆ ಒಂದೇ ಕೆಲಸ ಉಳಿದಿರೋದು," ಎಂದ ಮೆಲ್ಲಗೆ. "ನನಗೆ ನನ್ನ ಜೇನಿಗೆ ಹೇಳೋಕಾಗ್ಲಿಲ್ಲ. ನಿಮ್ಮ ಜೇನಿಗೆ ನೀವೇ ಹೇಳಿ, ಸ್ನೇಹಿತ ಕ್ವಾಪಿಲ್."

ಎಲ್ಲರ ತಲೆಗಳೂ ಹಿಂದಿನ ಬೆಂಚಿನತ್ತ ತಿರುಗಿದವು. ಕ್ವಾಪಿಲ್ ಟೊಪ್ಪಿ ಎತ್ತಿಕೊಂಡು ಹೊರಟುಹೋದ.

ಅಂದು ಸಂಜೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಲುಮೀರನಿಗೆ ಬೇಲಿಯಾಚೆ ಕ್ವಾಪಿಲ್ ಕಂಡ. ಬರಿದಲೆಯಲ್ಲಿ, ಅಪ್ಪನ ಹಳೆಯ ಗೂಡುಗಳ ಮುಂದೆ, ತಟ್ಟಲೆಂದು ಬೆರಳು ಮಡಚಿ ನಿಂತಿದ್ದ. ಬೆರಳು ಗೂಡನ್ನು ಮುಟ್ಟಲಿಲ್ಲ. ಸುತ್ತ ಹುಳುಗಳು ಹೊನ್ನಿನ ಧೂಳಿನಂತೆ ತೇಲುತ್ತಿದ್ದವು. ಲುಮೀರ್ ಗಂಟೆ ಬಾರಿಸದೆ ಮುಂದೆ ಹೋದ.

ಮುಂದಿನ ಶನಿವಾರ ಬೆಳಿಗ್ಗೆ ದೊಡ್ಡ ರಸ್ತೆಯಲ್ಲಿ ಒಬ್ಬ ಮನುಷ್ಯ ಬಕೆಟ್ಟು, ಬ್ರಷ್ಷು ಇಟ್ಟುಕೊಂಡು ಮೊದಲ ಮರದ ಕೆಂಪು ಗೆರೆಯನ್ನು ಉಜ್ಜುತ್ತಿದ್ದ. ಲುಮೀರ್ ಅಂಗಡಿಯ ಬೀಗದ ಕೈ ಜೇಬಿಗೆ ಹಾಕಿಕೊಂಡು ಹತ್ತಿರ ಹೋದ.

"ಜಿಲ್ಲೆಯವರು ಒಪ್ಪಿದ್ರಾ?"

"ಬರೆದಿದ್ದೀನಿ, ಹೊಲದ ಕಡೆಯಿಂದ ರಸ್ತೆ ಮಾಡಿ ಅಂತ. ಏನಂತಾರೋ ಗೊತ್ತಿಲ್ಲ." ಕ್ವಾಪಿಲ್ ತಿರುಗಿ ನೋಡಲಿಲ್ಲ. "ಬೈದ್ರೆ ನನ್ನ ಧ್ವನಿ ಮಾಡಿ ಉತ್ತರ ಕೊಡೋಕೆ ಬರ್ಬೇಡ."

"ಇಲ್ಲ. ನನ್ನದ್ರಲ್ಲೇ ಕೊಡ್ತೀನಿ."

ಬಣ್ಣ ಹಟಮಾರಿಯಾಗಿತ್ತು. ಮೇಲಿಂದ ಹೂಗಳು ಬಕೆಟ್ಟಿನ ನೀರಿಗೆ ಒಂದೊಂದಾಗಿ ಉದುರುತ್ತಿದ್ದವು. ಕ್ವಾಪಿಲ್ ಬೆನ್ನು ನೆಟ್ಟಗೆ ಮಾಡಿ, ಜೇನುಗಾರರ ಸಭೆಯ ಹೊರಗೆ ಯಾರೂ ಬಳಸದ ಆ ಮಾತನ್ನು, ರುಚಿ ನೋಡುವವನಂತೆ, ನಾಲಿಗೆಯ ಮೇಲೆ ಇಟ್ಟುಕೊಂಡ.

"ಬಕೆಟ್ಟಿನ ಹಿಂದೆ ಇನ್ನೊಂದು ಬ್ರಷ್ ಇದೆ, ಸ್ನೇಹಿತ ಲುಮೀರ್."