ಯಾರೂ ಫೇಲ್ ಆಗದ ಪರೀಕ್ಷೆ

ಪರೀಕ್ಷೆಯ ದಿನ ಬೆಳಗ್ಗೆ ಕಂಪನಿಯ ಟ್ರೈನಿಂಗ್ ರೂಮಿನಲ್ಲಿ ಬೂಟ್ ಪಾಲಿಶಿನ ವಾಸನೆ ಜಾಸ್ತಿ, ಮಾತು ಕಡಿಮೆ. ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ ಹೊಸದಾಗಿ ಬಂದವರು ಗೋಡೆಗೆ ತಾಗಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ತಮ್ಮ ದೇವರಿಗೆ ಮೊರೆಯಿಡುತ್ತಿದ್ದರು. ಆನ್ಸೆಲ್ಮ್ ಮಾತ್ರ ಕರಕ್ ಚಹಾದ ಕಪ್ಪು ಹಿಡಿದು, ಮದುವೆಮನೆಯಲ್ಲಿ ಪಂಕ್ತಿಯವರನ್ನು ವಿಚಾರಿಸುವ ಹಾಗೆ ಸಾಲಿನುದ್ದಕ್ಕೂ ಓಡಾಡುತ್ತಿದ್ದ.

"ಹೆದರ್ಬೇಡಿ ಮಾರಾಯ್ರೆ. ಅವರು ಕೇಳಿದ್ದಕ್ಕೆ ಎಂತಾದ್ರೂ ಒಂದು ಹೇಳಿ. ಬಾಯಿ ಮುಚ್ಚಿ ಮಾತ್ರ ಕೂತ್ಕೊಳ್ಬೇಡಿ. ಉಳಿದದ್ದು ನಾನು ನೋಡ್ಕೊಳ್ತೇನೆ."

ಆನ್ಸೆಲ್ಮ್ ಶಿರ್ವದವನು, ಈ ಕಂಪನಿಯ ಟ್ರೈನಿಂಗ್ ಕೋಆರ್ಡಿನೇಟರ್. ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ ಅದು. ದೋಹಾದಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು, ಎದ್ದ ಕಟ್ಟಡಕ್ಕೆಲ್ಲ ಬಾಗಿಲಿಗೊಬ್ಬ ಗಾರ್ಡ್ ಬೇಕಿತ್ತು. ಲೈಸೆನ್ಸ್ ಇಲ್ಲದವನನ್ನು ನಿಲ್ಲಿಸುವಂತಿಲ್ಲ. ಲೈಸೆನ್ಸಿಗೆ ಮೊದಲು ಕಂಪನಿಯೇ ಪೂರ್ತಿ ತರಬೇತಿ ಕೊಡಬೇಕು: ಬೆಂಕಿ ಬಿದ್ದರೆ ಏನು, ಒಬ್ಬ ಕುಸಿದು ಬಿದ್ದರೆ ಏನು, ಜನರನ್ನು ಹೊರಗೆ ಕಳಿಸುವುದು ಹೇಗೆ, ಎಲ್ಲವೂ. ಆಮೇಲೆ ಪೊಲೀಸ್ ಇಲಾಖೆಯಿಂದ ಪರೀಕ್ಷಕರು ಬಂದು ಒಬ್ಬೊಬ್ಬನನ್ನೇ ಕರೆದು ಕೇಳುತ್ತಾರೆ. ಕಂಪನಿಯ ಮಾನ್ಯತೆಯೂ ಆಗಾಗ ನವೀಕರಣವಾಗಬೇಕು. ನಿಯಮಕ್ಕೇನೂ ಕೊರತೆ ಇರಲಿಲ್ಲ. ನಡೆಯುತ್ತಿದ್ದದ್ದೇ ಬೇರೆ. ವಿಮಾನ ಇಳಿದು ಬಂದವರನ್ನು ಒಂದು ಬೆಳಗ್ಗೆ ಕೂರಿಸಿ ಇಂಗ್ಲಿಷ್ ವೀಡಿಯೊ ಹಾಕುತ್ತಿದ್ದರು. ಎಸಿಯ ತಂಪಿಗೆ ಅರ್ಧ ಜನ ಗೊರಕೆ ಹೊಡೆಯುತ್ತಿದ್ದರು. ಅಷ್ಟಕ್ಕೆ ತರಬೇತಿ ಖಲಾಸ್.

ಆದರೂ ಈ ಕಂಪನಿಯಲ್ಲಿ ಒಬ್ಬನೂ ಫೇಲ್ ಆದದ್ದಿಲ್ಲ. ಅದರ ಗುಟ್ಟು ಇದ್ದದ್ದು ಆನ್ಸೆಲ್ಮನ ನಾಲಿಗೆಯಲ್ಲಿ. ಪರೀಕ್ಷೆಗೆ ಬರುತ್ತಿದ್ದ ವಯಸ್ಸಾದ ಕ್ಯಾಪ್ಟನ್ ಸಾಹೇಬರಿಗೆ ಅರಬಿ ಬಿಟ್ಟರೆ ಇಂಗ್ಲಿಷ್. ಕಂಪನಿ ತರಿಸಿಕೊಂಡ ಜನ ಹೆಚ್ಚಿನವರು ಕರಾವಳಿಯವರು. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಬಿಟ್ಟರೆ ಅವರಿಗೆ ನಾಲಿಗೆ ಹೊರಳದು. ನಡುವೆ ಭಾಷಾಂತರಕ್ಕೆ ಆನ್ಸೆಲ್ಮ್. ಪ್ರಶ್ನೆಯನ್ನು ಅವನು ಇದ್ದ ಹಾಗೆಯೇ ದಾಟಿಸುತ್ತಿದ್ದ. ಉತ್ತರ ಮಾತ್ರ ಗಾರ್ಡ್‌ನ ಬಾಯಿಂದ ಒಂದು ಹೊರಟರೆ ಸಾಹೇಬರ ಕಿವಿಗೆ ಇನ್ನೊಂದು ತಲುಪುತ್ತಿತ್ತು.

ಇದನ್ನು ಅವನು ಮೋಸ ಎಂದು ಎಣಿಸಿದವನೇ ಅಲ್ಲ. ಫೇಲ್ ಆದವನನ್ನು ಮುಂದಿನ ವಿಮಾನಕ್ಕೆ ಹತ್ತಿಸಿ ಊರಿಗೆ ಕಳಿಸುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಒಬ್ಬನ ಅನ್ನ ಉಳಿಯಲು ನಾಲ್ಕು ಮಾತು ಸೇರಿಸಿದರೆ ಯಾರಪ್ಪನ ಗಂಟು ಹೋಗುತ್ತದೆ? ಗಾರ್ಡ್‌ಗಳು ಅವನನ್ನು ದೇವರ ಹಾಗೆ ಕಾಣುತ್ತಿದ್ದರು. ಹಾಗೆ ಕಂಡರೆ ಬೇಡ ಎನ್ನುವವರು ಯಾರಿದ್ದಾರೆ.

ಆ ದಿನ ಕೊನೆಗೆ ಒಳಗೆ ಬಂದವನು ಬೆಳ್ಳಾರೆ ಕಡೆಯ ಮುದ್ದುಕೃಷ್ಣ. ಊರಲ್ಲಿ ಸರ್ವಿಸ್ ಜೀಪು ಓಡಿಸುತ್ತಿದ್ದವ, ಸಾಧು ಪ್ರಾಣಿ, ಕುರ್ಚಿಯ ತುದಿಯಲ್ಲಿ ಕೂತ. ಕಟ್ಟಡದ ಕರೆಂಟ್ ಪ್ಯಾನೆಲ್‌ಗೆ ಬೆಂಕಿ ಹತ್ತಿದರೆ ಏನು ಮಾಡುತ್ತೀ ಎಂದು ಕ್ಯಾಪ್ಟನ್ ಕೇಳಿದರು. ಆನ್ಸೆಲ್ಮ್ ಅದನ್ನು ತುಳುವಿನಲ್ಲಿ ಹೇಳಿದ.

"ಎಂತ ಮಾಡುವುದು ಸರ್, ಓಡಿ ಹೋಗಿ ನೀರು ಹೊಯ್ಯುತ್ತೇನೆ. ಬಕೆಟ್ಟು ಬಕೆಟ್ಟು ಹೊಯ್ಯುತ್ತೇನೆ."

ಆನ್ಸೆಲ್ಮ್ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ: ಮೊದಲು ಮೇನ್ ಸ್ವಿಚ್ ಆಫ್ ಮಾಡುತ್ತಾನಂತೆ, ಜನರನ್ನು ಮೆಟ್ಟಿಲಿನಿಂದ ಇಳಿಸುತ್ತಾನಂತೆ, ನೀರನ್ನು ಹತ್ತಿರಕ್ಕೂ ತರದೆ ಬೆಂಕಿ ಆರಿಸುವ ಕಪ್ಪು ಪಟ್ಟಿಯ ಗ್ಯಾಸ್ ಸಿಲಿಂಡರ್ ಬಳಸುತ್ತಾನಂತೆ. ಕ್ಯಾಪ್ಟನ್ ತಲೆಯಾಡಿಸಿ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಮುದ್ದುಕೃಷ್ಣ ಬೆವರು ಒರೆಸಿಕೊಂಡ. "ಸರಿಯಾಯ್ತಾ ಸರ್?"

"ಸರಿಯಾಯ್ತು ಮಾರಾಯ. ಹೋಗು, ಚಾ ಕುಡಿ."

ಮುದ್ದುಕೃಷ್ಣನಿಗೆ ಅಲ್ ಮುಂತಜಾ ಬಡಾವಣೆಯ ಒಂದು ಹಳೆಯ ಫ್ಲಾಟ್ ಕಟ್ಟಡದಲ್ಲಿ ಡ್ಯೂಟಿ ಸಿಕ್ಕಿತು. ಬೇಸಿಗೆ ಏರಿತು. ಎಲ್ಲ ಮನೆಗಳ ಎಸಿ ಒಟ್ಟಿಗೇ ಓಡಿ ಓಡಿ, ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗಿನ ಪ್ಯಾನೆಲ್ ಬಾಕ್ಸಿನಿಂದ ಹೊಗೆ ಬಂತು, ಹಿಂದೆಯೇ ಬೆಂಕಿ. ಕಾರು ತೊಳೆಯುವ ಬಕೆಟ್ ಅಲ್ಲೇ ತುಂಬಿ ಇತ್ತು. ಮುದ್ದುಕೃಷ್ಣ ಹಿಂದೆ ಮುಂದೆ ನೋಡಲಿಲ್ಲ, ಎತ್ತಿ ಹೊಯ್ದ. ಕರೆಂಟು ಅವನನ್ನು ಎದುರಿನ ಗೋಡೆಗೆ ಎಸೆಯಿತು. ಬಲಗೈ ಮೊಣಕೈಯವರೆಗೆ ಸುಟ್ಟಿತು. ಯಾರೋ ಪುಣ್ಯಾತ್ಮರು ಮೇನ್ ಸ್ವಿಚ್ ಆಫ್ ಮಾಡಿದ್ದರಿಂದ ಜೀವ ಉಳಿಯಿತು.

ಕಂಪನಿಯಲ್ಲಿ ಅವನದೇ ಮಾತು. ಪ್ರಾಣ ಲೆಕ್ಕಿಸದೆ ಬೆಂಕಿಗೆ ನುಗ್ಗಿದನಂತೆ! ಆಪರೇಶನ್ಸ್ ಮ್ಯಾನೇಜರ್ ಫ್ಲಾಯ್ಡ್ ಅವನ ಫೋಟೋ ತರಿಸಿ, 'ತಿಂಗಳ ಗಾರ್ಡ್' ಎಂದು ನೋಟಿಸ್ ಬೋರ್ಡಿಗೆ ಅಂಟಿಸಿದ. ಆನ್ಸೆಲ್ಮ್ ಆಪಲ್, ಕಿತ್ತಳೆ ಹಿಡಿದುಕೊಂಡು ಆಸ್ಪತ್ರೆಗೆ ಹೋದ.

"ಎಂತ ಮಾರಾಯ ನಿನ್ನ ಧೈರ್ಯ!" ಎನ್ನುತ್ತಲೇ ಮಂಚದ ಬದಿ ಕೂತ.

ಮುದ್ದುಕೃಷ್ಣ ನಾಚಿಕೊಂಡ. "ಧೈರ್ಯ ಎಂತದು ಸರ್. ಕಲಿತದ್ದನ್ನು ಮಾಡಿದೆ."

"ಕಲಿತದ್ದಾ?"

"ಪರೀಕ್ಷೆಯಲ್ಲಿ ಇದನ್ನೇ ಕೇಳಿದ್ರಲ್ಲ? ನೀರು ಹೊಯ್ಯುತ್ತೇನೆ ಅಂದೆ. ಸಾಹೇಬ್ರು ತಲೆಯಾಡಿಸಿದ್ರು. ಸರಿಯಾಯ್ತಾ ಅಂತ ನಿಮ್ಮತ್ರ ಕೇಳಿದೆ, ಸರಿಯಾಯ್ತು ಅಂದ್ರಿ." ಅವನ ದನಿಯಲ್ಲಿ ದೂರು ಇರಲಿಲ್ಲ. "ಊರಲ್ಲಾದ್ರೆ ನಾನು ಹತ್ತಿರ ಹೋಗ್ತಿರ್ಲಿಲ್ಲ ಸರ್. ಕರೆಂಟು ಅಂದ್ರೆ ನನಗೆ ಮೊದಲಿಂದ ಹೆದರಿಕೆ. ಆದ್ರೆ ಇಲ್ಲಿ ನಾನು ಪಾಸಾದವನಲ್ವಾ."

ಆನ್ಸೆಲ್ಮ್ ಕಿತ್ತಳೆಯ ಸಿಪ್ಪೆ ಸುಲಿಯಲು ಹಿಡಿದಿದ್ದ. ಅದನ್ನು ಹಾಗೆಯೇ ತಟ್ಟೆಯಲ್ಲಿಟ್ಟ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು, ಅಲ್ಲಿಂದ ಮುಂದೆ ಬರಲಿಲ್ಲ. ನರ್ಸ್ ಬಂದು ಡ್ರೆಸ್ಸಿಂಗ್ ಬದಲಿಸುವ ಹೊತ್ತಾಯಿತು ಎಂದಾಗ, ಬದುಕಿದೆಯಾ ಬಡಜೀವವೇ ಎಂದುಕೊಂಡು ಎದ್ದು ಬಂದ.

ರಜೆಯ ದಿನವಾದ ಶುಕ್ರವಾರದ ಬಲಿಪೂಜೆ ಮುಗಿಸಿ ಬಂದ ಮೇಲೆ ಹೆಂಡತಿ ಜರ್ಟ್ರೂಡ್ ಏನಾಯಿತೆಂದು ಕೇಳಿದಳು. ಗಂಡ ಊಟದ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ, ಉಣ್ಣುತ್ತಿರಲಿಲ್ಲ. ಅವನು ಎಲ್ಲವನ್ನೂ ಹೇಳಿದ.

"ಒಳ್ಳೇದಕ್ಕೇ ಮಾಡಿದ್ದಲ್ವಾ ನೀವು?" ಅಂದಳು ಮೊದಲು. ಅವನ ತಟ್ಟೆಗೆ ಸಾರು ಬಡಿಸಿ, "ಆದ್ರೆ ಅವನಿಗೆ ಒಂದು ಮಾತು ಹೇಳ್ಬಹುದಿತ್ತು. ಸಾಹೇಬ್ರಿಗೆ ಸರಿ ಉತ್ತರ ಕೊಟ್ರಿ, ಅವನಿಗೆ ಕೊಡ್ಲಿಲ್ಲ."

"ಮುಂದಿನ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರೆ?"

ಜರ್ಟ್ರೂಡ್ ಸಾರಿನ ಪಾತ್ರೆ ಮುಚ್ಚಿದಳು. "ಕೆಲಸ ಹೋದ್ರೆ ಮಕ್ಕಳ ಶಾಲೆ? ಯೋಚನೆ ಮಾಡಿ. ನಾನು ಬೇಡ ಅಂತ ಹೇಳುವುದಿಲ್ಲ. ನೀವು ಹೀಗೆ ಅನ್ನ ಕಲಸ್ತಾ ಕೂತ್ರೂ ನನಗೆ ನೋಡ್ಲಿಕ್ಕೆ ಆಗುವುದಿಲ್ಲ."

ಬೆಂದೂರಿನ ಫ್ಲಾಯ್ಡ್ ವಯಸ್ಸಿನಲ್ಲಿ ಚಿಕ್ಕವನು, ಹುದ್ದೆಯಲ್ಲಿ ದೊಡ್ಡವನು. ಆನ್ಸೆಲ್ಮ್ ಅವನ ಕ್ಯಾಬಿನ್ನಿಗೆ ಹೋಗಿ, ಗಾರ್ಡ್‌ಗಳಿಗೆ ನಿಜವಾದ ತರಬೇತಿ ಬೇಕು, ಒಂದು ವಾರವಾದರೂ ಬಿಡಿ ಎಂದು ಕೇಳಿದ.

"ಆನ್ಸೆಲ್ಮ್‌ಬಾಬ್, ಕೂತ್ಕೊಳ್ಳಿ. ನಾನು ಕೆಟ್ಟವನಲ್ಲ," ಅಂದ ಫ್ಲಾಯ್ಡ್, ಹಿರಿಯರಿಗೆ ಕೊಂಕಣಿಯಲ್ಲಿ ಸೇರಿಸುವ 'ಬಾಬ್' ಬಿಡದೆ. "ಕ್ಲೈಂಟ್ ಫೋನ್ ಮಾಡ್ತಾನೆ, ನಾಳೆ ಬೆಳಗ್ಗೆ ಜನ ಬೇಕು ಅಂತಾನೆ. ನಾವು ಕಲಿಸ್ತಾ ಕೂತ್ರೆ ಬೇರೆಯವನು ಕಲಿಸದೆ ಕಳಿಸ್ತಾನೆ. ಕಾಂಟ್ರಾಕ್ಟ್ ಅವನಿಗೆ. ಆಮೇಲೆ ಈ ಹುಡುಗರಿಗೆ ಸಂಬಳ ನೀವು ಕೊಡ್ತೀರಾ?"

"ಮುದ್ದುಕೃಷ್ಣ ಸಾಯ್ತಿದ್ದ, ಫ್ಲಾಯ್ಡ್."

"ಸಾಯ್ಲಿಲ್ಲ. ಫೋಟೋ ಬಂದಿದೆ ಬೋರ್ಡಲ್ಲಿ." ಹೀಗೆ ಅಂದವನ ಕಿವಿಗೇ ಅದು ಹಿತವಾಗಲಿಲ್ಲವೇನೋ, ಪೆನ್ನು ತಿರುಗಿಸುತ್ತಾ ದನಿ ಇಳಿಸಿದ. "ನೋಡಿ, ಮಾನ್ಯತೆ ನವೀಕರಣ ಹತ್ರ ಬಂತು. ಆ ಅಪಘಾತ ಆದ್ಮೇಲೆ ಅವನಿಗೆ ಮತ್ತೆ ಪರೀಕ್ಷೆ ಆಗ್ಬೇಕಂತೆ, ಹೊಸಬರ ಒಟ್ಟಿಗೆ. ನಿಮ್ಮ ಬಾಯಿ ಒಂದು ಗಟ್ಟಿ ಇದ್ರೆ ಎಲ್ಲ ಆಗ್ತದೆ. ಎಷ್ಟು ಮನೆ ನಡೀತಿದೆ ನಿಮ್ಮ ಬಾಯಿಂದ, ಗೊತ್ತುಂಟಾ? ಯಲ್ಲಾ, ಹೋಗಿ."

ವಾರ ಸಿಗಲಿಲ್ಲ. ಆನ್ಸೆಲ್ಮ್ ಸಂಜೆ ಹೊತ್ತು ಗಾರ್ಡ್‌ಗಳ ಕ್ಯಾಂಪಿಗೆ ಹೋಗಿ, ಡ್ಯೂಟಿ ಮುಗಿಸಿ ಬಂದವರನ್ನು ಕೂರಿಸಿ ತನಗೆ ತಿಳಿದಷ್ಟು ಹೇಳಿಕೊಟ್ಟ. ಕೈಗೆ ಬಟ್ಟೆ ಸುತ್ತಿಕೊಂಡ ಮುದ್ದುಕೃಷ್ಣನೂ ಬಂದು ಕೂರುತ್ತಿದ್ದ. ಬಿಸಿಲಲ್ಲಿ ಬೆಂದು ಬಂದವರಿಗೆ ಕಣ್ಣು ತೂಗುತ್ತಿತ್ತು. ಹಿಡಿದು ತೋರಿಸಲು ಕ್ಯಾಂಪಿನಲ್ಲಿ ಒಂದು ಸಿಲಿಂಡರೂ ಇರಲಿಲ್ಲ. ಅಂದು ನೀನು ಹೇಳಿದ್ದೇ ತಪ್ಪು ಎನ್ನುವ ಮಾತನ್ನು ಆನ್ಸೆಲ್ಮ್ ಅಲ್ಲಿಯೂ ಹೇಳಲಿಲ್ಲ. ಎಲ್ಲರ ಮುಂದೆ ಬೇಡ, ಆಮೇಲೆ ಹೇಳೋಣ ಎಂದು ಮುಂದೂಡಿದ. ಅದೊಂದು ನೆಪ ಎಂಬುದು ಅವನಿಗೂ ಗೊತ್ತಿತ್ತು.

ಪರೀಕ್ಷೆಯ ದಿನ ಮತ್ತೆ ಅದೇ ರೂಮು, ಅದೇ ಕುರ್ಚಿಗಳು. ಫ್ಲಾಯ್ಡ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಕ್ಯಾಪ್ಟನ್ ಮೊದಲು ಕರೆದದ್ದೇ ಮುದ್ದುಕೃಷ್ಣನನ್ನು. ಸುಟ್ಟ ಕೈಯನ್ನು ಒಮ್ಮೆ ನೋಡಿ, ಅದೇ ಪ್ರಶ್ನೆ ಕೇಳಿದರು. ಪ್ಯಾನೆಲ್‌ಗೆ ಬೆಂಕಿ ಬಿದ್ದರೆ ಏನು ಮಾಡುತ್ತೀ?

ಮುದ್ದುಕೃಷ್ಣ ಕಣ್ಣು ಮುಚ್ಚಿ ನೆನಪಿಸಿಕೊಂಡ. "ಮೊದಲು ಮೇನ್ ಆಫ್ ಮಾಡ್ತೇನೆ. ಜನರನ್ನು ಮೆಟ್ಟಿಲಲ್ಲಿ ಇಳಿಸ್ತೇನೆ. ಆಮೇಲೆ ಸಿಲಿಂಡರ್ ತರ್ತೇನೆ... ನೀರಿನದ್ದು ಉಂಟಲ್ಲ, ಅದನ್ನು."

ಬಾಗಿಲ ಬಳಿ ಫ್ಲಾಯ್ಡ್ ಕೆಮ್ಮಿದ. ಒಂದೇ ಒಂದು ಪದ ಬದಲಿಸಿದರೆ ಸಾಕಿತ್ತು. ಈ ಸಾಧು ಮನುಷ್ಯ ಸಹಿ ಹಾಕಿಸಿಕೊಂಡು ನಾಳೆ ಇನ್ನೊಂದು ಕಟ್ಟಡದ ಮೆಟ್ಟಿಲ ಕೆಳಗೆ ಹೋಗಿ ನಿಲ್ಲುತ್ತಾನೆ, ಪಾಸಾದವನು ಎಂಬ ಧೈರ್ಯದಲ್ಲಿ.

ಆನ್ಸೆಲ್ಮ್ ಇಂಗ್ಲಿಷಿನಲ್ಲಿ ಹೇಳಿದ: ಮೊದಲು ಮೇನ್ ಆಫ್, ಆಮೇಲೆ ಜನ, ಆಮೇಲೆ ನೀರಿನ ಸಿಲಿಂಡರ್ ಎನ್ನುತ್ತಾನೆ.

ಕ್ಯಾಪ್ಟನ್ ತಲೆಯೆತ್ತಿದರು. "ಹೀಗೆಯೇ ಹೇಳಿದನೇ?"

"ಹೀಗೆಯೇ ಹೇಳಿದ, ಸರ್."

"ನಿಮ್ಮ ಬಾಯಿಂದ ತಪ್ಪು ಉತ್ತರ ಬಂದದ್ದು ಇದೇ ಮೊದಲು."

"ತಪ್ಪು ಉತ್ತರಗಳು ಮೊದಲೂ ಇದ್ದವು ಸರ್. ನಾನು ನಿಮಗೆ ತಲುಪಿಸಲಿಲ್ಲ."

ಕ್ಯಾಪ್ಟನ್ ಪೆನ್ನಿನ ಮುಚ್ಚಳ ಹಾಕಿ, ಕನ್ನಡಕ ತೆಗೆದು ಅವನನ್ನು ನೋಡಿದರು. ಬೈಯಲಿಲ್ಲ. ಇವತ್ತಿನ ಪರೀಕ್ಷೆ ನಿಂತಿತು, ಮುಂದಿನ ಸಲ ಭಾಷಾಂತರಕ್ಕೆ ಇಲಾಖೆಯವರೇ ಬರುತ್ತಾರೆ, ಕಂಪನಿಯ ಮಾನ್ಯತೆ ಅಲ್ಲಿಯವರೆಗೆ ತಡೆ, ಹಳಬರೆಲ್ಲ ಮತ್ತೆ ಪರೀಕ್ಷೆಗೆ ಬರಬೇಕು ಎಂದರು.

"ಫೇಲ್ ಆದವರನ್ನು ಊರಿಗೆ ಕಳಿಸ್ತೀರಾ ಸರ್?" ಆನ್ಸೆಲ್ಮ್ ಕೇಳಿದ.

"ಊರಿಗೆ? ಯಾರು ಹೇಳಿದರು?" ಕ್ಯಾಪ್ಟನ್ ನಿಜಕ್ಕೂ ಆಶ್ಚರ್ಯಪಟ್ಟರು. "ಕಂಪನಿ ಮತ್ತೆ ಕಲಿಸಬೇಕು, ನಾವು ಮತ್ತೆ ಕೇಳುತ್ತೇವೆ. ನಿಯಮ ಇರುವುದೇ ಹಾಗೆ. ನಿಮ್ಮಲ್ಲಿ ಯಾರೂ ಫೇಲ್ ಆಗಲಿಲ್ಲ, ಅದಕ್ಕೇ ಇದನ್ನು ಯಾರೂ ಕೇಳಲಿಲ್ಲ."

ಅವರು ಹೋದ ಮೇಲೆ ಫ್ಲಾಯ್ಡ್ ಸಿಡಿದ. "ಖಲಾಸ್, ಆನ್ಸೆಲ್ಮ್‌ಬಾಬ್! ಉಂಡ ಮನೆಗೆ ಎರಡು ಬಗೆದ್ರಿ. ನಿಮ್ಮ ಕೆಲಸ ಇರ್ತದೋ ಇಲ್ವೋ ನನಗೆ ಗೊತ್ತಿಲ್ಲ." ಬಾಗಿಲು ಬಡಿದು ಹೋದವನು ಮತ್ತೆ ತಲೆ ಒಳಗೆ ಹಾಕಿ, ಅರ್ಧ ಸೋತ ದನಿಯಲ್ಲಿ, "ಮತ್ತೆ ಕಲಿಸ್ಬೇಕಂತಲ್ಲ, ಎಷ್ಟು ದಿನ ಬೇಕು ಅಂತ ಸಂಜೆ ಬಂದು ಹೇಳಿ" ಎಂದ.

ಗಾರ್ಡ್‌ಗಳಿಗೆ ಇಂಗ್ಲಿಷಿನ ಈ ಮಾತುಕತೆಯ ತಲೆಬುಡ ತಿಳಿದಿರಲಿಲ್ಲ. ಕುರ್ಚಿಯಲ್ಲಿ ಕೂತೇ ಇದ್ದ ಮುದ್ದುಕೃಷ್ಣ ಮೆಲ್ಲಗೆ ಕೇಳಿದ.

"ಸರಿಯಾಯ್ತಾ ಸರ್?"

ಆನ್ಸೆಲ್ಮ್ ಅವನ ಎದುರಿನ ಕುರ್ಚಿ ಎಳೆದುಕೊಂಡು ಕೂತ.

"ಇಲ್ಲ ಮಾರಾಯ. ತಪ್ಪಾಯ್ತು. ಕರೆಂಟಿನ ಬೆಂಕಿಗೆ ನೀರಿನ ಸಿಲಿಂಡರೂ ಮುಟ್ಟಬಾರದು."

ಮುದ್ದುಕೃಷ್ಣ ತಡೆದು ತಡೆದು ಕೇಳಿದ. "ಹಾಗಾದ್ರೆ... ಅವತ್ತು?"

"ಅವತ್ತೂ ತಪ್ಪೇ. ನೀನು ನೀರು ಅಂದಿ, ನಾನು ಸಾಹೇಬ್ರಿಗೆ ಬೇರೆ ಹೇಳಿದೆ. ನಿನಗೆ ಸರಿಯಾಯ್ತು ಅಂದೆ."

ಮುದ್ದುಕೃಷ್ಣ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸುಟ್ಟಲ್ಲಿ ಚರ್ಮ ಗುಲಾಬಿ ಬಣ್ಣಕ್ಕೆ ಬಿಗಿದುಕೊಂಡಿತ್ತು, ಎರಡು ಬೆರಳು ಮಡಚುತ್ತಿರಲಿಲ್ಲ.

"ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಸರ್."

"ಆಗ್ತಿತ್ತು," ಎಂದ ಆನ್ಸೆಲ್ಮ್.

ಅವನು ಎದ್ದು ಹೋಗಿ ಗೋಡೆಯ ಕೊಕ್ಕೆಯಿಂದ ಕಪ್ಪು ಪಟ್ಟಿಯ ಸಿಲಿಂಡರ್ ಇಳಿಸಿದ. ಅದರ ಮೇಲೆ ಬೆರಳದ್ದುವಷ್ಟು ಧೂಳು ಇತ್ತು. ಕರ್ಚೀಫಿನಿಂದ ಒರೆಸಿ ಮುದ್ದುಕೃಷ್ಣನ ಮುಂದೆ ಇಟ್ಟ.

"ಹಿಡಿ. ಎಡಗೈಯಲ್ಲಿ ಆಗ್ತದಾ ನೋಡು."

ಮುದ್ದುಕೃಷ್ಣ ಸ್ವಲ್ಪ ಹೊತ್ತು ಕೈ ಚಾಚಲಿಲ್ಲ. ಆಮೇಲೆ ಎಡಗೈಯಿಂದ ಹಿಡಿಕೆ ಹಿಡಿದು, ಭಾರ ನೋಡಿ, ಎತ್ತಿದ. ಉಳಿದವರು ಒಬ್ಬೊಬ್ಬರಾಗಿ ತಮ್ಮ ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.