ದಪ್ಪ ಸಿಲಿಂಡರಿನ ಪರಾಕ್ರಮ

ನಾನು ಒಂದು ಕ್ಲಚ್ ಮಾಸ್ಟರ್ ಸಿಲಿಂಡರ್. ಕಾರಿನ ಕ್ಲಚ್ ಪೆಡಲ್ ತುಳಿದ ಕೂಡಲೇ ಹೊಟ್ಟೆಯೊಳಗಿನ ಎಣ್ಣೆಯನ್ನು ಪೈಪಿಗೆ ನೂಕಿ, ಗೇರ್ ಬದಲಿಸಲು ಎಡೆಮಾಡಿಕೊಡುವ ಮಹಾಶಯ. ನಾನು ಎರಕದ ಅಚ್ಚಿನಿಂದ ಎದ್ದು ಬಂದ ದಿನ ನನ್ನ ಹೊಳಪಿಗೆ ಸೂರ್ಯನೇ ಮೋಡದ ಮರೆಗೆ ಸರಿದನಂತೆ.

ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಯಲ್ಲಿ ನನ್ನ ಪಕ್ಕಕ್ಕೊಂದು ಸಣಕಲು ಸಿಲಿಂಡರ್ ಇತ್ತು. ಮೆಕ್ಯಾನಿಕ್ ದಸ್ತಗೀರ ಬಂದವನೇ ನನ್ನನ್ನು ಎತ್ತಿಕೊಂಡ. ದಪ್ಪದ್ದು ಹಾಕಿದರೆ ಸ್ವಲ್ಪ ತುಳಿದರೂ ಕ್ಲಚ್ ಬಿಡುತ್ತದೆ, ಆದರೆ ಪೆಡಲ್ ಭಾರವಾಗುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ.

“ನಮ್ಮ ಅಕ್ಕಾರು ಆಪರೇಷನ್ ಆದಮ್ಯಾಲೆ ಮೊದಲನೇ ಸಲ ರೇಸಿಗೆ ಇಳಿಯಾಕತ್ತಾರ. ಅವರ ಗಾಡಿಗೆ ಸಣ್ಣದು ಹಾಕಿದ್ರ ಮಂದಿ ಏನಂದಾರು?” ಎಂದ ದಸ್ತಗೀರ.

ಅಕ್ಕಾರು ಎಂದರೆ ಶಿವಲೀಲಾ ಹೊಂಬಳ. ಆಪರೇಷನ್ ಆದದ್ದು ಎಡ ಮೊಣಕಾಲಿಗೆ. ಈ ಓಟ ಮುಗಿಸಲಾಗದಿದ್ದರೆ ಕಾರು ಮಾರಿಬಿಡುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದಳು.

ರೇಸಿನ ಕಾರಿಗೆ ಪೂಜೆಯಾದ ಮೇಲೆ ಓಡಿಸುವವರ ಸೀಟಿನಲ್ಲಿ ತಾನು ಕೂರಬಾರದೆಂಬುದು ದಸ್ತಗೀರನ ಕಟ್ಟಳೆ. ಹಾಗಾಗಿ ನನ್ನನ್ನು ಜೋಡಿಸಿದ ಮೇಲೆ ಬಾಗಿಲ ಬಳಿ ಮಂಡಿಯೂರಿ ಪೆಡಲನ್ನು ಕೈಯಿಂದಲೇ ಒತ್ತಿ ನೋಡಿದ. ಜಾಕ್ ಇಲ್ಲದೆ ಕಾರೆತ್ತುವ ಆ ಕೈಗೆ ನಾನೆಲ್ಲಿ ಭಾರ?

ಊರ ಹೊರಗಿನ ಮಣ್ಣಿನ ಟ್ರ್ಯಾಕಿನಲ್ಲಿ ಅಭ್ಯಾಸ ಶುರುವಾಯಿತು. ನಾನು ಗುಡುಗಿನಂತೆ ಕೆಲಸ ಮಾಡಿದೆ; ಭೂಮಿ ತುಸು ವಾಲಿದ್ದೂ ಉಂಟು. ಆದರೆ ಪ್ರತಿ ತಿರುವಿನಲ್ಲೂ ಶಿವಲೀಲಾಳ ಪಾದದ ನಡುಕ ಪೆಡಲಿನಿಂದ ನನಗೆ ಮುಟ್ಟುತ್ತಿತ್ತು. ಕೊನೆಯ ತಿರುವಿನಲ್ಲಿ ಕ್ಲಚ್ ಪೂರ್ತಿ ಒತ್ತಲಾಗದೆ ಕಾರು ನಿಂತೇಹೋಯಿತು.

ಹೇಗಿದೆ ಎಂದು ದಸ್ತಗೀರ ಕೇಳಿದ. ಅಷ್ಟು ಪ್ರೀತಿಯಿಂದ ತಂದವನೆದುರು ಅವಳು ಚಲೋ ಐತಿ ಎಂದಳು. ಹಾಗೆನ್ನುತ್ತಲೇ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟಳು. ಅವನು ಅದನ್ನು ನೋಡಿದ.

“ಅಕ್ಕಾರ, ನನ್ನ ಮಾರಿ ನೋಡಬ್ಯಾಡ್ರಿ. ಕಾಲು ಏನಂತೈತಿ, ಅದನ್ನ ಹೇಳ್ರಿ.”

“ಕುಸ್ತಿ ಹಿಡದಂಗ ಆಗತೈತಿ, ದಸ್ತಗೀರಣ್ಣ. ಇದರ ಜೋಡಿ ಗುದ್ದಾಡಲೋ, ಗಾಡಿ ಹೊಡೀಲೋ?”

ಅವನು ಅದೇ ಸಂಜೆ ಊರಿಗೆ ಹೋಗಿ ಆ ಸಣಕಲನನ್ನು ಕರೆತಂದು ನನ್ನ ಜಾಗದಲ್ಲಿ ಕೂರಿಸಿದ. ಪೆಡಲನ್ನು ಇನ್ನಷ್ಟು ಒಳಕ್ಕೆ ತುಳಿಯಬೇಕು, ಆದರೆ ಹಗುರ. ನನ್ನನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಟೂಲ್‌ಬಾಕ್ಸಿಗೆ ಹಾಕಿದರು. ಸಿಂಹವನ್ನು ಚೀಲಕ್ಕೆ ತುರುಕಿದಂತೆ.

ಮರುದಿನ ಒಂಬತ್ತು ಕಾರುಗಳಲ್ಲಿ ಶಿವಲೀಲಾಳ ಕಾರು ಏಳನೆಯದಾಗಿ ಗೆರೆ ದಾಟಿತು. ಮುಂದಿದ್ದ ಆರು ಜನ ಅವಳಿಗೆ ಹೆದರಿ ಓಡಿದವರು, ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವಳು ಕೈಯಾಸರೆಯಿಲ್ಲದೆ ಇಳಿದು ಬಂದಳು. ದಸ್ತಗೀರ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಕಾರು ಇಂದಿಗೂ ಅವಳದೇ.

ಈಗ ನಾನು ಗ್ಯಾರೇಜಿನ ಹಲಗೆಯ ಮೇಲೆ ತುಕ್ಕು ಹಿಡಿಯುತ್ತ ರಾಜ್ಯವಾಳುತ್ತಿದ್ದೇನೆ. ಯಾರಾದರೂ ಬಂದು ದಪ್ಪದ್ದೇ ಬೇಕೆಂದರೆ ದಸ್ತಗೀರ ಕೇಳುತ್ತಾನೆ: “ಗಾಡಿ ಆಮ್ಯಾಲ ನೋಡೂಣು. ತುಳಿಯಾವ್ರು ಯಾರು?”

ನಾನು ಜಾಗ ಬಿಟ್ಟುಕೊಟ್ಟಿದ್ದಕ್ಕೇ ಆ ಓಟ ಮುಗಿಯಿತು. ನನ್ನಷ್ಟು ದೊಡ್ಡವನು ಸರಿದು ನಿಲ್ಲಬೇಕಾದರೆ ಎಷ್ಟು ಬಲ ಬೇಕು, ಆ ಸಣಕಲನಿಗೇನು ಗೊತ್ತು?